ಸೈನಿಕನ ಉಪವಾಸ

ಒಂದು ಊರು ಅಂತ ಇಟ್ಟುಕೊಳ್ಳಿ. ಅಲ್ಲೊಬ್ಬ ಸಾಹುಕಾರ. ಕೆಟ್ಟವನಲ್ಲ ನೋಡಿ, ಕೆಟ್ಟವನಾಗಿದ್ದರೆ ಈ ಕಥೆ ನಮಗೆ ಬೇಕಿರಲಿಲ್ಲ. ಕೈಬಿಚ್ಚಿ ಕೊಡುವವನು. ಸ್ವಂತ ಮದುವೆ ಛತ್ರ ಇತ್ತು. ಗಡಿಯಲ್ಲಿ ಒಂದು ಕಾಲು ಕಳೆದುಕೊಂಡು ಸೈನಿಕನೊಬ್ಬ ಊರಿಗೆ ಮರಳಿದಾಗ, ಸ್ವಾತಂತ್ರ್ಯ ದಿನಕ್ಕೆ ಅವನಿಗೆ ಸನ್ಮಾನ, ಊರಿಗೆಲ್ಲ ಊಟ ಎಂದು ಡಂಗುರ ಹೊಡೆಸಿದ.

ಸೈನಿಕ ಕೃತಕ ಕಾಲು ಹಾಕಿಕೊಂಡು ಹೆಂಡತಿಯ ಜೊತೆ ಬಂದ.

"ಸಾಹುಕಾರ್ರೇ, ಈ ಕಾಲಿನ ವಿಷ್ಯ ಒಂದು ಮಾತು ಹೇಳ್ಬೇಕಿತ್ತು" ಎಂದ.

"ಆ ಕಾಲಿಗೆ ಊರೇ ಕೈಮುಗೀಬೇಕಪ್ಪ, ಬಾ" ಎಂದು ಸಾಹುಕಾರ ವೇದಿಕೆ ಹತ್ತಿಸಿ ಶಾಲು ಹೊದಿಸಿದ. ಮಾತು ಅಲ್ಲಿಗೇ ನಿಂತಿತು.

ಆಮೇಲೆ ನೆಲದ ಮೇಲೆ ಸಾಲಾಗಿ ಎಲೆ ಹಾಕಿದರು. ಸೈನಿಕ ಕಂಬ ಹಿಡಿದು ನಿಂತೇ ಇದ್ದ. ಕೂತ್ಕೋ ಎಂದರೆ, "ಇವತ್ತು ನಂದು ಉಪವಾಸ" ಎಂದ. ಹೆಂಡತಿ ಅವನ ಮುಖ ನೋಡಿ, "ನಂದೂ" ಎಂದಳು. ಸಾಹುಕಾರನ ಎದೆ ತುಂಬಿ ಬಂತು. ಮೈಕು ತರಿಸಿದ. "ದೇಶಕ್ಕೆ ಕಾಲು ಕೊಟ್ಟವನು ದೇಶದ ಹಬ್ಬಕ್ಕೆ ಉಪವಾಸ ಇದ್ದಾನೆ. ಯಾರಿಂದಲೂ ಏನೂ ಬೇಡದ ಯೋಗಿ" ಎಂದ. ಚಪ್ಪಾಳೆಯೋ ಚಪ್ಪಾಳೆ.

ಎಂಟು ವರ್ಷ ಹೀಗೇ ನಡೆಯಿತು. ಅದೇ ಶಾಲು, ಅದೇ ಉಪವಾಸ, ಅದೇ ಹೊಗಳಿಕೆ. ಒಂಬತ್ತನೆಯ ವರ್ಷ ಕರೆ ಕಳಿಸುವ ಮೊದಲೇ ಸುದ್ದಿ ಬಂತು, ಕಾಲಿನ ಗಾಯ ನಂಜಾಗಿ ಸೈನಿಕ ತೀರಿಕೊಂಡ.

ಸಾಹುಕಾರ ಮೊದಲ ಸಲ ಆ ಮನೆಯ ಹೊಸಿಲು ದಾಟಿದ. "ಎಂಥಾ ವ್ರತ ನಿನ್ನ ಗಂಡಂದು ತಾಯಿ" ಎಂದ.

"ವ್ರತ ಏನಲ್ಲ ಸಾಹುಕಾರ್ರೇ" ಎಂದಳು ಆಕೆ. "ಆ ಕಾಲಲ್ಲಿ ನೆಲದ ಮೇಲೆ ಕೂರೋಕೆ ಆಗ್ತಿರ್ಲಿಲ್ಲ. ಎಲ್ರೆದುರಿಗೆ ಬಿಚ್ಚಿಡೋಕೆ ನಾಚ್ಕೆ. ಅಳತೆ ತಪ್ಪಿ ಅದು ಉಜ್ಜಿ ಉಜ್ಜಿ ಹುಣ್ಣಾಗ್ತಿತ್ತು. ಬೇರೆ ಹಾಕಿಸೋಕೆ ದೂರದೂರಲ್ಲಿ ತಿಂಗಳು ಉಳೀಬೇಕಂತೆ. ಸಹಾಯ ಕೇಳೋಣ ಅಂತ್ಲೇ ಮೊದಲ್ನೇ ವರ್ಷ ನಿಮ್ಮ ಹತ್ರ ಬಂದಿದ್ರು."

"ಆಮೇಲಾದ್ರೂ ಹೇಳ್ಬಾರದಿತ್ತೇನಮ್ಮ?"

"ನಾನೂ ಅದನ್ನೇ ಅಂದೆ. ಏನೂ ಬೇಡದವನು ಅಂತ ಸಾಹುಕಾರ್ರು ಊರಿಗೆಲ್ಲ ಹೇಳ್ಬಿಟ್ಟಿದ್ದಾರೆ, ಈಗ ಹೋಗಿ ಬೇಡಿದ್ರೆ ಅವರ ಮಾತು ಸುಳ್ಳಾಗುತ್ತೆ ಅಂದ್ರು."

ಛತ್ರದಲ್ಲಿ ಐನೂರು ಕುರ್ಚಿ ಇದ್ದ ಮನುಷ್ಯ ಅವನು. ಒಂದನ್ನು ಎಲೆಯ ಹತ್ತಿರ ಎಳೆಸಲು ತೋಚಲಿಲ್ಲವಲ್ಲ ಎಂದು ಸಾಹುಕಾರ ಅಲ್ಲೇ ಕುಸಿದು ಅತ್ತ. ಅತ್ತು ಏನು ಬಂತು, ಹೇಳಿ? ಸತ್ತವನು ಎದ್ದು ಬಂದು ಉಂಡನೇ?

ಯಾಕೆ ತಲೆ ತಗ್ಗಿಸಿದಿರಿ? ನಾನೂ ಅಂಥ ವೇದಿಕೆಯ ಮೇಲೆ ಕೂತು ಚಪ್ಪಾಳೆ ತಟ್ಟಿದವನೇ. ಹೊಗಳಿಕೆ ಸುಲಭ ನೋಡಿ, ಹೊಗಳುವಾಗ ಎದುರಿಗಿರುವವನ ಮಾತು ಕೇಳಬೇಕಾಗಿಲ್ಲ.

ನಿಮ್ಮ ಬೀದಿಯಲ್ಲೂ ಯುದ್ಧದಲ್ಲಿ ಗಾಯಗೊಂಡವನು ಇರಬಹುದು, ಅವನ ಹೆಂಡತಿ ಇರಬಹುದು. ಈ ವಾರವೇ ಹೋಗಿ. ಹಾರ ಬೇಡ, ಫೋಟೋದವನೂ ಬೇಡ. ಆಸ್ಪತ್ರೆಗೆ ಜೊತೆಗೆ ಬರಬೇಕೇ, ಕಚೇರಿಯ ಕಾಗದ ಬರೆದುಕೊಡಬೇಕೇ, ಕೇಳಿ. "ಏನೂ ಬೇಡ" ಎನ್ನುತ್ತಾರೆ. ಹಾಗೆಂದ ಕೂಡಲೇ ನಿರಾಳವಾಗಿ ಎದ್ದು ಬರಬೇಡಿ. ಕೂತಿರಿ. ಇನ್ನೊಮ್ಮೆ ಕೇಳಿ. ಆಮೇಲೆ ಅವರು ಬಾಯಿ ಬಿಡುವವರೆಗೆ ನೀವು ಬಾಯಿ ಮುಚ್ಚಿಕೊಂಡಿರಿ.