ಎರಡನೇ ಕಣ್ಣು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಅತಿಥಿಗಳೇ, ಔಷಧಿ ಕಾರ್ಖಾನೆಯಿಂದ ಬಿಡುವು ಮಾಡಿಕೊಂಡು ಬಂದಿರುವ ಹಿರಿಯರೇ, ನನ್ನ ಜೊತೆ ಕೆಲಸ ಮಾಡಿದವರೇ, ಅವರ ಮನೆಯವರೇ, ಸಭಿಕರೇ,

ಈಗ ಸಂಜೆ ಐದೂವರೆ. ಬೆಳಿಗ್ಗೆ ಎಂಟಕ್ಕೆ ಐಸ್ ಬಂತು. ಪುಡಿ ಮಾಡಿ ಫ್ಲಾಸ್ಕಿಗೆ ತುಂಬಿ, ಥರ್ಮಾಮೀಟರ್ ಇಳಿಸಿ, ಸೊನ್ನೆ ತೋರಿಸುತ್ತದೆಯೇ ಎಂದು ನೋಡಿದೆ. ತೋರಿಸಿತು. ಆಮೇಲೆ ಎಣ್ಣೆಯ ತೊಟ್ಟಿ ಕಾಯಲು ಇಟ್ಟೆ. ಮಧ್ಯಾಹ್ನ ಬೀರುವಿನ ಬೀಗದ ಕೈ ಒಪ್ಪಿಸಿದೆ. ಊಟ ಮುಗಿಸಿ ಬರುವಷ್ಟರಲ್ಲಿ ನನ್ನ ಸ್ಟೂಲನ್ನು ಯಾರೋ ಚೆನ್ನಾಗಿ ಒರೆಸಿಟ್ಟಿದ್ದರು. ಅದರ ಮೇಲೆ ಕೂರಲು ಸಂಕೋಚವಾಗಿ ಸಂಜೆಯವರೆಗೆ ನಿಂತೇ ಇದ್ದೆ. ಹಾಗಾಗಿ ಕಾಲು ನೋಯುತ್ತಿದೆ. ಹೆಚ್ಚು ಹೊತ್ತು ಮಾತಾಡುವುದಿಲ್ಲ.

ಈಗ ತಾನೇ ಅಧ್ಯಕ್ಷರು, ಇದು ಬೀಳ್ಕೊಡುಗೆಯೇ ಅಲ್ಲ, ಇವರು ಇನ್ನೆರಡು ವರ್ಷ ನಮ್ಮಲ್ಲೇ ಇರುತ್ತಾರೆ ಎಂದರು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಕೊನೆಯ ಸಾಲಿನಲ್ಲಿ ಬಾಗಿಲ ಪಕ್ಕ ಕೂತಿರುವ ನನ್ನ ತಂಗಿಯೂ ತಟ್ಟಿದಳು. ನಾನು ನೋಡಿದೆ. ಸ್ವಂತ ತಂಗಿಯಲ್ಲ; ಪ್ರಯೋಗಾಲಯದಲ್ಲಿ ನನ್ನ ಪಕ್ಕ ನಿಂತು ಕೆಲಸ ಮಾಡುವವಳು. ನನ್ನನ್ನು ಅಣ್ಣ ಅನ್ನುತ್ತಾಳೆ. ನಾನು ಇನ್ನೆರಡು ವರ್ಷ ಇದ್ದರೆ ಅವಳು ನಾಳೆಯಿಂದ ಪ್ಯಾಕಿಂಗ್ ವಿಭಾಗಕ್ಕೆ ಹೋಗಬೇಕು. ಅದನ್ನು ಯಾರೂ ವೇದಿಕೆಯ ಮೇಲೆ ಹೇಳಲಿಲ್ಲ. ಅದಕ್ಕೇ ನಾನು ಹೇಳುತ್ತಿದ್ದೇನೆ.

ಇಲ್ಲಿ ಮನೆಯವರೆಲ್ಲ ಬಂದಿದ್ದೀರಿ. ನಾವು ದಿನವಿಡೀ ಏನು ಮಾಡುತ್ತೇವೆ ಎಂದು ನಿಮ್ಮಲ್ಲಿ ಅರ್ಧ ಜನಕ್ಕೆ ಗೊತ್ತಿರಲಾರದು. ಮದುವೆಯ ಮಾತುಕತೆಯಲ್ಲಿ ನನ್ನ ಅತ್ತೆ ಇದನ್ನೇ ಕೇಳಿದ್ದರು. ಕಾರ್ಖಾನೆಗಳಲ್ಲಿ ಬಿಸಿ ಎಷ್ಟಿದೆ ಎಂದು ತೋರಿಸುವ ಸೆನ್ಸರ್ ಇರುತ್ತವೆ, ಅವು ಸರಿಯಾಗಿ ತೋರಿಸುತ್ತವೆಯೇ ಎಂದು ನಾನು ನೋಡುತ್ತೇನೆ ಅಂದೆ. "ಅಂದರೆ, ಜ್ವರ ನೋಡುವ ಕಡ್ಡಿಗೇ ಜ್ವರ ಬಂದಿದೆಯಾ ಅಂತ ನೋಡ್ತೀರಾ?" ಅಂದರು. ಅದಕ್ಕಿಂತ ಚೆನ್ನಾಗಿ ಇವತ್ತಿನವರೆಗೂ ಯಾರೂ ಹೇಳಿಲ್ಲ. ಒಳಗಡೆ ಬಾಗಿಲ ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಅವಳನ್ನೇ ಮದುವೆಯಾದೆ.

ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ತೊಟ್ಟಿಯ ಎಣ್ಣೆಯಲ್ಲಿ ಸೆನ್ಸರನ್ನೂ ನಮ್ಮ ನಂಬಿಕೆಯ ಥರ್ಮಾಮೀಟರನ್ನೂ ಒಟ್ಟಿಗೆ ಇಳಿಸುತ್ತೇವೆ. ಥರ್ಮಾಮೀಟರನ್ನು ಒಬ್ಬರು ಓದಿದರೆ ಸಾಲದು. ಮೊದಲ ಕಣ್ಣು ಓದಿ, ಚೀಟಿಯಲ್ಲಿ ಬರೆದು, ಮಗುಚಿ ಇಡಬೇಕು. ಎರಡನೇ ಕಣ್ಣು ಬಂದು ತಾನೇ ಓದಿ ಬರೆಯಬೇಕು. ನಡುವೆ ಮಾತಿಲ್ಲ. ಆಮೇಲೆ ಎರಡು ಚೀಟಿಯನ್ನೂ ಒಟ್ಟಿಗೆ ತಿರುಗಿಸಬೇಕು. ಕೊನೆಯ ಅಂಕಿಯಲ್ಲಿ ಚೂರು ಹೆಚ್ಚುಕಮ್ಮಿ ಇದ್ದೇ ಇರುತ್ತದೆ. ಇರಬೇಕು. ಒಬ್ಬರ ಕಣ್ಣು ಸ್ವಲ್ಪ ಮೇಲಿರುತ್ತದೆ, ಇನ್ನೊಬ್ಬರದು ಸ್ವಲ್ಪ ಕೆಳಗೆ. ಆ ಹೆಚ್ಚುಕಮ್ಮಿಯಿಂದಲೇ ನಿಜ ಎಲ್ಲಿದೆ ಎಂದು ನಮಗೆ ಗೊತ್ತಾಗುವುದು.

ನನ್ನ ಮನೆಯಲ್ಲೂ ಅದೇ ಪದ್ಧತಿ ಇತ್ತು. ಸ್ನಾನದ ನೀರು ಕಾದಿದೆ ಎಂದು ನಾನು ಅಂದರೆ, ನನ್ನ ಹೆಂಡತಿ ಮೊಣಕೈ ಅದ್ದಿ ಇನ್ನೂ ಇಲ್ಲ ಅನ್ನುತ್ತಿದ್ದಳು. "ನಾನು ಸಂಬಳ ತಗೊಳ್ಳೋದೇ ಇದಕ್ಕೆ ಕಣೇ" ಅಂದರೆ, "ಹಾಗಾದರೆ ಆ ಸಂಬಳಾನ ಒಂದು ಸಲ ಚೆಕ್ ಮಾಡಿಸಿ" ಅನ್ನುತ್ತಿದ್ದಳು. ಫ್ಯಾನು ನನಗೆ ಎರಡರಲ್ಲಿ ಇರಬೇಕು, ಅವಳಿಗೆ ನಾಲ್ಕರಲ್ಲಿ. ಜಗಳವಾಡಿ ಮೂರಕ್ಕೆ ನಿಲ್ಲುತ್ತಿತ್ತು. ಈಗಲೂ ಮೂರರಲ್ಲೇ ಇದೆ. ನನಗೆ ಚಳಿಯಾಗುತ್ತದೆ. ಆದರೂ ಕೈ ಹೋಗುವುದಿಲ್ಲ.

ಎಲ್ಲಿದ್ದೆ? ಹೌದು, ಚೀಟಿ.

ಅವಳು ಹೋದದ್ದು ಈ ವರ್ಷದ ಆರಂಭದಲ್ಲಿ. ನಿಮ್ಮಲ್ಲಿ ಬಹಳಷ್ಟು ಜನ ಮನೆಗೆ ಬಂದಿದ್ದಿರಿ, ಆ ಉಪಕಾರ ಮರೆಯುವುದಿಲ್ಲ. ನಾನು ಬೇಗನೆ ಕೆಲಸಕ್ಕೆ ವಾಪಸ್ ಬಂದೆ. ಧೈರ್ಯಸ್ಥ ಎಂದು ಕೆಲವರು ಅಂದಿರಿ. ಧೈರ್ಯವೇನಲ್ಲ, ಮನೆಯಲ್ಲಿ ಕೂರಲಾಗಲಿಲ್ಲ. ಬಂದ ಮೊದಲ ವಾರ ನಮ್ಮಿಬ್ಬರ ಚೀಟಿ ತಿರುಗಿಸಿದಾಗ ನನ್ನದೂ ತಂಗಿಯದೂ ತುಸು ಹೆಚ್ಚೇ ಬೇರೆಯಾಗಿದ್ದವು. ಬೇರೆ ದಿನವಾಗಿದ್ದರೆ ಇಬ್ಬರೂ ನಕ್ಕು ಮತ್ತೆ ಓದುತ್ತಿದ್ದೆವು. ಅವತ್ತು ನಾನು, "ಕಣ್ಣೂ ಹೋಯಿತಮ್ಮಾ ನನ್ನದು, ಅದೊಂದು ಉಳಿದಿತ್ತು" ಎಂದು ಸ್ಟೂಲಿನ ಮೇಲೆ ಕುಸಿದೆನಂತೆ. ನನಗೆ ನೆನಪಿಲ್ಲ. ಅವಳಿಗೆ ನೆನಪಿದೆ.

ಮರುದಿನದಿಂದ ನಮ್ಮ ಚೀಟಿಗಳು ಬೇರೆಯಾಗಲೇ ಇಲ್ಲ. ಪರವಾಗಿಲ್ಲವೇ, ಮುದುಕನ ಕಣ್ಣು ಇನ್ನೂ ಗಟ್ಟಿಯಾಗಿದೆ ಎಂದು ಒಳಗೊಳಗೇ ಹಿಗ್ಗಿದೆ. ಸಭಿಕರೇ, ಇಷ್ಟು ವರ್ಷ ಈ ಕೆಲಸ ಮಾಡಿದವನಿಗೆ ಅನುಮಾನ ಬರಬೇಕಿತ್ತಲ್ಲವೇ? ಯಾವತ್ತೂ ಜಗಳವಾಡದ ಎರಡು ಕಣ್ಣು ಎಲ್ಲಾದರೂ ಇರುತ್ತವೆಯೇ?

ಕಳೆದ ತಿಂಗಳು ಒಂದು ದಿನ, ಎಣ್ಣೆಯ ಹಬೆಗೆ ನನ್ನ ಕನ್ನಡಕ ಮಸುಕಾಗಿತ್ತು. ಎಂಬತ್ತು ಪಾಯಿಂಟ್ ನಾಲ್ಕು ಅನ್ನಿಸಿತು. ಕನ್ನಡಕ ಒರೆಸಿ ಮತ್ತೆ ನೋಡಿದರೆ ಎಂಬತ್ತು ಪಾಯಿಂಟ್ ಒಂದು. ಅದನ್ನೇ ಬರೆದೆ. ತಂಗಿ ಬಂದು ಓದಿ ಬರೆದಳು. ತಿರುಗಿಸಿದರೆ ಅವಳ ಚೀಟಿಯಲ್ಲಿ ಪಾಯಿಂಟ್ ನಾಲ್ಕು.

"ಇದೇನಮ್ಮಾ ಇದು, ಎಲ್ಲಿ ನೋಡಿದೆ ನಾಲ್ಕನ್ನ?" ಅಂದೆ.

ಅವಳು ತನ್ನ ಚೀಟಿಯನ್ನು ಮತ್ತೆ ಮಗುಚಿ ಇಟ್ಟಳು. ಆಮೇಲೆ, "ನೀವು ಹೇಳಿದ್ದನ್ನೇ ಬರೆದೆ ಅಣ್ಣಾ" ಅಂದಳು.

"ನಾನೆಲ್ಲಿ ಹೇಳಿದೆ?"

"ಇವತ್ತು ನಾಲ್ಕು ಅಂದಿದ್ದೊಂದೇ ಕೇಳಿಸ್ತು. ದಿನಾ ಹೇಳ್ತೀರಿ. ಓದುವಾಗ ಬಾಯಿಬಿಟ್ಟು ಹೇಳ್ತೀರಿ. ಅತ್ತಿಗೆ ಹೋದಾಗಿನಿಂದ."

ನನಗೆ ಗೊತ್ತೇ ಇರಲಿಲ್ಲ. ಮನೆಯಲ್ಲಿ ಹಾಗೆ ಮಾತಾಡುವುದು ಗೊತ್ತಿತ್ತು. ನಲ್ಲಿ ನಿಲ್ಲಿಸಿದೆ ಕಣೇ, ಬಾಗಿಲು ಹಾಕಿದೆ ಕಣೇ, ಹಾಲು ಉಕ್ಕಿತು ಕಣೇ, ಹೀಗೆ. ಅಲ್ಲಿ ಕೇಳಿಸಿಕೊಳ್ಳುವವರು ಯಾರೂ ಇಲ್ಲ, ಹಾಗಾಗಿ ತೊಂದರೆಯೂ ಇಲ್ಲ. ತೊಟ್ಟಿಯ ಪಕ್ಕದಲ್ಲೂ ಅವಳಿಗೇ ಅಂಕಿ ಒಪ್ಪಿಸುತ್ತಿದ್ದೇನೆ ಎಂದು ಯಾರೂ ನನಗೆ ಹೇಳಿರಲಿಲ್ಲ. ಪಕ್ಕದಲ್ಲಿದ್ದವಳು ಕೇಳಿಸಿಕೊಂಡು, ಈ ಮನುಷ್ಯನಿಗೆ ಇನ್ನೊಂದು ನೋವು ಬೇಡ ಎಂದು ಅದನ್ನೇ ಬರೆದಳು.

ಅದು ತಪ್ಪು. ನಮ್ಮ ಕೆಲಸದಲ್ಲಿ ಅದಕ್ಕಿಂತ ದೊಡ್ಡ ತಪ್ಪಿಲ್ಲ. ಕನಿಕರಕ್ಕೆ ಒಪ್ಪಿಕೊಂಡ ಅಂಕಿಯೂ ಸುಳ್ಳು ಅಂಕಿಯೇ. ಇದನ್ನು ಮುಚ್ಚಿಡಲು ನಾನಿಲ್ಲಿ ನಿಂತಿಲ್ಲ. ಅವಳೂ ಮುಚ್ಚಿಡಲಿಲ್ಲ. ನಾನು ಚೀಟಿ ಎತ್ತಿಡುವಷ್ಟರಲ್ಲಿ ಮ್ಯಾನೇಜರ್ ಕೋಣೆಗೆ ಹೋಗಿ ತಾನೇ ಹೇಳಿದಳು. ಅವಳನ್ನು ಪ್ಯಾಕಿಂಗ್‌ಗೆ ಹಾಕುವ ಮಾತು ಹುಟ್ಟಿದ್ದು ಅಲ್ಲಿಂದ. ಇವತ್ತು ಇದನ್ನು ಸಭೆಯಲ್ಲಿ ಹೇಳಲಾ ಎಂದು ಬೆಳಿಗ್ಗೆ ಕೇಳಿದೆ. "ಹೇಳಿ. ಬೆನ್ನ ಹಿಂದೆ ಗುಸುಗುಸು ಕೇಳಿ ಸಾಕಾಗಿದೆ" ಅಂದಳು.

ಆ ತಿಂಗಳುಗಳಲ್ಲಿ ನಾವು ಸರಿ ಎಂದು ಕಳಿಸಿದ ಸೆನ್ಸರ್‌ಗಳನ್ನೆಲ್ಲ ವಾಪಸ್ ತರಿಸಿದೆವು. ಮ್ಯಾನೇಜರ್ ಮೊದಲ ಕಣ್ಣು, ತಂಗಿ ಎರಡನೆಯದು. ನನ್ನನ್ನು ಹೊರಗೆ ಕೂರಿಸಿದರು, ಬಾಯಿ ತೆರೆಯುತ್ತೇನೆ ಎಂದು. ಒಂದನ್ನು ಬಿಟ್ಟು ಮಿಕ್ಕವೆಲ್ಲ ಸರಿಯಾಗಿದ್ದವು. ಆ ಒಂದು, ಮುಂದಿನ ಸಾಲಿನಲ್ಲಿ ಕೂತಿರುವ ಹಿರಿಯರ ಕಾರ್ಖಾನೆಯದು. ಔಷಧಿ ಒಣಗಿಸುವ ಒಲೆಗೆ ಹಾಕುವಂಥದ್ದು. ಪುಣ್ಯಕ್ಕೆ ಅದಿನ್ನೂ ಪೆಟ್ಟಿಗೆಯಲ್ಲೇ ಇತ್ತು, ಒಲೆಗೆ ಹಾಕಿರಲಿಲ್ಲ. ಅವರು ಬಯ್ಯಬಹುದಿತ್ತು. ಬಯ್ದರು ಕೂಡ. ಆದರೂ ಇವತ್ತು ಬಂದು ಕೂತಿದ್ದಾರೆ. ಅದು ದೊಡ್ಡತನ.

ಆ ಒಂದನ್ನು ಹಿಡಿದದ್ದು ಯಾರು? ಅಧ್ಯಕ್ಷರೇ, ನಿಮಗೆ ಈ ವಿಷಯ ತಲುಪಿದೆಯೋ ಇಲ್ಲವೋ. ಮ್ಯಾನೇಜರ್ ಚೀಟಿಯ ಪ್ರಕಾರ ಅದು ಪಾಸು. ತಂಗಿಯ ಚೀಟಿಯ ಪ್ರಕಾರ ಫೇಲು. ಮ್ಯಾನೇಜರ್ ದನಿ ಏರಿತು. ಪ್ರಯೋಗಾಲಯದ ಕೆಲಸ ಹೋಗುವ ಹೊತ್ತಿನಲ್ಲಿ, ಅದರಿಂದ ತೆಗೆಯುವವರ ಎದುರು ನಿಂತು, "ಇಲ್ಲ ಸಾರ್, ನನಗೆ ಹಾಗೆ ಕಾಣ್ತಿಲ್ಲ, ಇನ್ನೊಂದು ಸಲ ನೋಡಿ" ಅಂದಳು. ಹೊರಗೆ ಬೆಂಚಿನ ಮೇಲೆ ಕೂತಿದ್ದ ನನಗೆ ಕೇಳಿಸಿತು. ಮತ್ತೆ ನೋಡಿದರು. ಅವಳೇ ಸರಿ. ಇದನ್ನು ನನಗೆ ಖಚಿತಪಡಿಸಿದವರು ಮ್ಯಾನೇಜರೇ. ಅವರೂ ಇಲ್ಲೇ ಇದ್ದಾರೆ, ತಲೆ ಅಲ್ಲಾಡಿಸುತ್ತಿದ್ದಾರೆ.

ಅಂಥವಳನ್ನು ಪ್ಯಾಕಿಂಗ್‌ಗೆ ಕಳಿಸಿ, ನನ್ನನ್ನು ಉಳಿಸಿಕೊಳ್ಳುತ್ತೀರಾ? ಓದುವಾಗ ಬಾಯಿ ಬಿಡುವವನನ್ನು? ಅಭ್ಯಾಸ ಬಿಡಲು ಪ್ರಯತ್ನಪಟ್ಟೆ. ಬಾಯಿಗೆ ಕರವಸ್ತ್ರ ಕಟ್ಟಿಕೊಂಡೂ ನೋಡಿದೆ. ಕರವಸ್ತ್ರದ ಒಳಗೇ ಹೇಳುತ್ತಿದ್ದೆನಂತೆ. ನೀವು ನಗುತ್ತಿದ್ದೀರಿ, ನಗಿ, ನನಗೂ ನಗು ಬಂತು. ಆದರೆ ನನ್ನ ಪಕ್ಕ ಯಾರನ್ನು ನಿಲ್ಲಿಸಿದರೂ ಅವರಿಗೆ ನನ್ನ ಅಂಕಿ ಕೇಳಿಸುತ್ತದೆ. ಕೇಳಿಸಿಕೊಂಡವರಿಗೆ ಕನಿಕರ ಬರುತ್ತದೆ. ನೀವೆಲ್ಲ ಒಳ್ಳೆಯವರು. ಅದೇ ಕಷ್ಟ.

ಅಧ್ಯಕ್ಷರೇ, ಎರಡು ವರ್ಷದ ಮಾತು ನೀವು ಪ್ರೀತಿಯಿಂದ ಆಡಿದ್ದು. ನಾನು ಹೋಗುವುದು ಯಾವ ಮನೆಗೆ ಎಂದು ಗೊತ್ತಿದ್ದೇ ಆಡಿದಿರಿ. ನಿನ್ನೆಯವರೆಗೂ ಒಪ್ಪಿಕೊಳ್ಳುವ ಆಸೆ ನನಗೂ ಇತ್ತು. ಅಲ್ಲಿ ಮಾಡಲು ಏನೂ ಇಲ್ಲ. ಆದರೂ ಒಪ್ಪಲಾರೆ. ಥರ್ಮಾಮೀಟರ್ ಓದಬಲ್ಲವರು ಇಲ್ಲಿ ಮೂವರು: ಮ್ಯಾನೇಜರ್, ತಂಗಿ, ನಾನು. ನನ್ನನ್ನು ಕಳೆದರೆ ಇಬ್ಬರು ಉಳಿಯುತ್ತಾರೆ. ಇಬ್ಬರೇ ಬೇಕು. ಅವರಲ್ಲಿ ಒಬ್ಬಳನ್ನು ಪ್ಯಾಕಿಂಗ್‌ಗೆ ಕಳಿಸಿದರೆ ತೊಟ್ಟಿಗೆ ಬೀಗ ಹಾಕಬೇಕಾಗುತ್ತದೆ. ಇದು ಬೆದರಿಕೆಯಲ್ಲ, ಲೆಕ್ಕ.

ತಂಗೀ, ನಿನಗೆ ಒಂದೇ ಮಾತು. ಚಪ್ಪಾಳೆ ತಟ್ಟಬೇಡವಾಗಿತ್ತು. ನನ್ನನ್ನು ಒಪ್ಪಿಕೊಳ್ಳುವ ಕೆಲಸ ನಿನ್ನದಲ್ಲ.

ನೀವು ಉಡುಗೊರೆ ಕೊಟ್ಟ ಗೋಡೆ ಗಡಿಯಾರ ಬಹಳ ಚೆನ್ನಾಗಿದೆ. ನನ್ನ ಕೈಗಡಿಯಾರಕ್ಕಿಂತ ಮೂರು ನಿಮಿಷ ಮುಂದಿದೆ. ಯಾವುದು ಸರಿ ಎಂದು ಗೊತ್ತಿಲ್ಲ; ಎರಡನ್ನೂ ಹಾಗೇ ಇಟ್ಟುಕೊಳ್ಳುತ್ತೇನೆ. ಮನೆಯಲ್ಲಿ ಎರಡು ಮಾತು ಇರಲಿ.

ಕುರ್ಚಿ ಹಾಕಿದವರಿಗೆ, ಮೈಕು ಜೋಡಿಸಿದವರಿಗೆ, ನನ್ನ ಸ್ಟೂಲು ಒರೆಸಿದವರಿಗೆ, ಇಷ್ಟು ಹೊತ್ತು ಕೇಳಿದ ನಿಮಗೆಲ್ಲರಿಗೂ ಋಣಿಯಾಗಿದ್ದೇನೆ. ನಮಸ್ಕಾರ.

ನಾಳೆ ಎಂಟಕ್ಕೆ ಐಸ್ ಬರುತ್ತದೆ. ನಾನು ಬರುವುದಿಲ್ಲ.