ತಿರುವು ಮರೆತ ಮಟ್ಟು

ದೀಪ ಇನ್ನೊಂಚೂರು ಸಣ್ಣದು ಮಾಡಿ. ನಗುವವರು ಈಗಲೇ ನಕ್ಕುಬಿಡಿ. ಇದು ಯಾರೋ ಯಾರಿಗೋ ಹೇಳಿದ ಮಾತಲ್ಲ, ನನ್ನ ಚಿಕ್ಕಪ್ಪನ ಮಗ ಫೆಲಿಮ್‌ಗೆ ಆದದ್ದು. ಕೊನೆಯ ಭಾಗಕ್ಕೆ ನಾನೇ ಸಾಕ್ಷಿ.

ಹೋದ ಅಕ್ಟೋಬರ್. ಶನಿವಾರ. ರಾತ್ರಿ ಹನ್ನೆರಡೂವರೆ. ಡಿನ್ನಿಯ ಪಬ್ಬಿನಲ್ಲಿ ನುಡಿಸಿ ಮುಗಿಸಿ, ಕಾನ್ಸರ್ಟಿನಾದ ಪೆಟ್ಟಿಗೆಯನ್ನು ಬಗಲಿಗೆ ಹಾಕಿಕೊಂಡು, ಫೆಲಿಮ್ ಪುಣ್ಯಬಾವಿಯ ದಾರಿ ಹಿಡಿದಿದ್ದ. ಕುಡಿದಿರಲಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಕುಡಿದಿರಲಿಲ್ಲ. ಕುಡಿದಿದ್ದರೆ ಅಷ್ಟು ಸಿಟ್ಟು ಇರುತ್ತಿರಲಿಲ್ಲ.

ಕಾನ್ಸರ್ಟಿನಾ ಅಂದರೆ ಆರು ಮೂಲೆಯ ಪುಟ್ಟ ತಿದಿ, ಎರಡೂ ಕಡೆ ಗುಂಡಿ. ಎಳೆದರೆ ಒಂದು ಸ್ವರ, ಒತ್ತಿದರೆ ಇನ್ನೊಂದು. ಅದರಲ್ಲಿ ಅವನಷ್ಟು ಹಳೆಯ ಮಟ್ಟುಗಳನ್ನು ಬಲ್ಲವರು ನಮ್ಮ ಕ್ಲೇರ್ ಸೀಮೆಯಲ್ಲೇ ಬೆರಳೆಣಿಕೆ. ಆದರೆ ಡಿನ್ನಿಯ ಪಬ್ಬಿಗೆ ಬರುವವರು ಬಸ್ಸು ತುಂಬ ಬಂದಿಳಿಯುವ ಪ್ರವಾಸಿಗರು, ನಮ್ಮ ಬಾಯಲ್ಲಿ ಬಸ್ಸಿನವರು. ಅವರಿಗೆ ಬೇಕಾದದ್ದು ಒಂದೇ ಹಾಡು. ಹೆಸರು ಹೇಳುವುದಿಲ್ಲ, ಹೇಳಿದರೆ ನನ್ನ ಬಾಯಿಗೂ ಅಂಟಿಕೊಳ್ಳುತ್ತದೆ. ಮೇ ತಿಂಗಳಿಂದ ವಾರಕ್ಕೆ ಆರು ದಿನ, ರಾತ್ರಿಗೆ ಮೂರು ಸಲ ಅದೇ. ಮೇಲಿಂದ ಚಪ್ಪಾಳೆ ಬೇರೆ, ಅದೂ ತಾಳ ತಪ್ಪಿ.

"ಜನ ಕೇಳಿದ್ದು ನುಡಿಸೋ ಮಾರಾಯ," ಅನ್ನುವನು ಡಿನ್ನಿ. "ನಿನ್ನ ಹಳೇ ಮಟ್ಟು ಶುರು ಮಾಡಿದ್ರೆ ಅವ್ರು ಊಟಕ್ಕೂ ಹೇಳದೆ ಎದ್ದು ಹೋಗ್ತಾರೆ."

"ಒಂದು ಮೇಕೆ ತಂದು ಕಟ್ಟು. ಇದನ್ನ ಅದೂ ನುಡಿಸುತ್ತೆ."

"ಮೇಕೆ ಆದ್ರೆ ಎದುರು ಮಾತಾಡಲ್ಲ. ನುಡಿಸು, ನುಡಿಸು."

ಇಷ್ಟೇ ಆಗಿದ್ದರೆ ಹಾಳಾಗಿ ಹೋಗಲಿ ಅನ್ನಬಹುದಿತ್ತು. ಆದರೆ ಮರುದಿನ ಭಾನುವಾರಕ್ಕೆ ಅವನ ದೊಡ್ಡಮ್ಮ ಡೆಲಿಯಾ ಸತ್ತು ಸರಿಯಾಗಿ ಒಂದು ವರ್ಷ. ಅವನಿಗೆ ಕಾನ್ಸರ್ಟಿನಾ ಕಲಿಸಿದವಳು ಅವಳೇ. ಅವಳ ಅಪ್ಪನಿಂದ ಅವಳಿಗೆ ಬಂದ ಒಂದು ಕುಣಿತದ ಮಟ್ಟಿತ್ತು, ಹೆಸರಿಲ್ಲದ್ದು. ಮೊದಲ ಭಾಗ ಎರಡು ಸಲ, ಆಮೇಲೆ ಎರಡನೆಯ ಭಾಗ ಎರಡು ಸಲ. ಈ ಎರಡನೆಯದಕ್ಕೆ ನಾವು ತಿರುವು ಅನ್ನುತ್ತೇವೆ. ಎಷ್ಟೋ ಜನ ಮೈಕು ಹಿಡಿದುಕೊಂಡು ಬಂದರು, ಮುದುಕಿ ಒಪ್ಪಲಿಲ್ಲ. "ಯಂತ್ರಕ್ಕೇನು, ಯಾರು ಕೇಳಿದ್ರೂ ಕೊಡುತ್ತೆ" ಅನ್ನುವಳು. ಕೊಟ್ಟದ್ದು ಫೆಲಿಮ್ ಒಬ್ಬನಿಗೆ.

ಅವಳ ಮಗಳು ಊನಾ ಮೂರು ವಾರ ಮೊದಲೇ ಬಂದು ಹೇಳಿದ್ದಳು. "ವರ್ಷದ ಪೂಜೆ ಆದ್ಮೇಲೆ ಅಮ್ಮನ ಸಮಾಧಿ ಹತ್ರ ಆ ಮಟ್ಟು ನುಡಿಸೋ. ಇನ್ನೇನೂ ಬೇಡ ನಂಗೆ."

ಆಯಿತು ಅಂದ. ಅವತ್ತು ರಾತ್ರಿ ಕೂತು ನುಡಿಸಿ ನೋಡಿದ. ಮೊದಲ ಭಾಗ ನೀರು ಕುಡಿದಷ್ಟು ಸುಲಭಕ್ಕೆ ಬಂತು. ತಿರುವಿಗೆ ಬಂದ... ಬೆರಳು ಜಾರಿ ಬಸ್ಸಿನವರ ಹಾಡಿಗೆ ಹೋಯಿತು. ಎರಡೂ ಒಂದೇ ಸ್ವರದಿಂದ ಹೊರಡುತ್ತವೆ, ಅದೇ ಪೀಡೆ. ಮತ್ತೆ ನುಡಿಸಿದ. ಮತ್ತೆ ಅದೇ. ಮೂರು ವಾರ ಹೀಗೇ. ಬಿಸಿನೀರಿನಲ್ಲಿ ಬೆರಳು ಅದ್ದಿ ನೋಡಿದ. ಗೋಡೆಗೆ ತಲೆ ಚಚ್ಚಿಕೊಂಡ. ಒಂದು ದಿನವಂತೂ ಕಾನ್ಸರ್ಟಿನಾವನ್ನೇ ಒಲೆಗೆ ಹಾಕಲು ಎದ್ದಿದ್ದ. ಊನಾಗೆ ಬಾಯಿಬಿಟ್ಟು ಹೇಳಲಾರ. ಲೋಕದಲ್ಲಿ ಆ ಮಟ್ಟು ಬಲ್ಲವನು ಅವನೊಬ್ಬನೇ, ಅವನಿಗೇ ಬರುತ್ತಿಲ್ಲ.

ಈ ಉರಿಯಲ್ಲೇ ಬಾವಿಯ ಹತ್ತಿರ ಬಂದ.

ಗಾಳಿ ಇರಲಿಲ್ಲ. ಆದರೂ ಮುಳ್ಳುಗಿಡಕ್ಕೆ ಕಟ್ಟಿದ ಹರಕೆಯ ಬಟ್ಟೆಚೂರುಗಳು ಪಟ... ಪಟ ಅನ್ನುತ್ತಿದ್ದವು. ಒಳಗೆ ಕಲ್ಲಿನ ಸಂದಿಯಿಂದ ನೀರು ತೊಟ್ಟಿಕ್ಕುವ ಸದ್ದು. ತೊಟ್... ತೊಟ್... ತೊಟ್.

ಇದ್ದಕ್ಕಿದ್ದಂತೆ ಅದು ನಿಂತಿತು.

ಆಮೇಲೆ ಬಾವಿಕಟ್ಟೆಯ ಚಪ್ಪಡಿಯಿಂದ... ಧಪ್... ಟಿಣ್. ಧಪ್... ಟಿಣ್.

ಫೆಲಿಮ್‌ನ ಕಾಲು ಅಲ್ಲೇ ಕಚ್ಚಿಕೊಂಡಿತು. ಡೆಲಿಯಾಳ ಎಡಗಾಲು ಗಿಡ್ಡ. ಆ ಬೂಟಿನ ಹಿಮ್ಮಡಿಗೆ ಕಬ್ಬಿಣದ ಲಾಳ ಹೊಡೆಸಿಕೊಂಡಿದ್ದಳು. ನುಡಿಸುವಾಗ ಎರಡೂ ಕಾಲಿನಲ್ಲಿ ತಾಳ ಹಾಕುವಳು. ಬಲಗಾಲು ಧಪ್, ಎಡಗಾಲು ಟಿಣ್. ಇಡೀ ಸೀಮೆಯಲ್ಲಿ ಆ ತಾಳ ಇನ್ನೊಬ್ಬರದಿಲ್ಲ. ಆ ಬೂಟು ಹಾಕಿಯೇ ಅವಳನ್ನು ಮಣ್ಣು ಮಾಡಿದ್ದೆವು.

ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ತಾಳದ ಮೇಲೆ ಮೆಲ್ಲಗೆ ಮಟ್ಟು ಹತ್ತಿತು. ವಾದ್ಯವಿಲ್ಲದಾಗ ನಮ್ಮ ಮುದುಕಿಯರು ನಾಲಿಗೆಯಲ್ಲೇ ನುಡಿಸುತ್ತಾರಲ್ಲ, ಹಾಗೆ. ಡಿಡಲ್ ಡಮ್... ಡಿಡಲ್ ಡಮ್...

ಅದೇ ಮಟ್ಟು.

ಹೆದರಿಕೆಗಿಂತ ಮೊದಲು ಅವನಿಗೆ ಆದದ್ದು ಸಂತೋಷ. ದೊಡ್ಡಮ್ಮ ತಿರುವು ಕೊಡೋಕೆ ಬಂದಿದ್ದಾಳೆ! ಕೆಳಗೆ ಕೂತ. ಕತ್ತಲಲ್ಲೇ ಪೆಟ್ಟಿಗೆಯ ಕೊಂಡಿ ಬಿಚ್ಚಿದ, ಕ್ಲಿಕ್. ಬರುವ ಸ್ವರವನ್ನು ಹಿಡಿಯಲು ಗುಂಡಿಗಳ ಮೇಲೆ ಬೆರಳಿಟ್ಟುಕೊಂಡ. ಮೊದಲ ಭಾಗ ಒಂದು ಸಲ ಆಯಿತು. ಎರಡು ಸಲ ಆಯಿತು. ಉಸಿರು ಬಿಗಿಹಿಡಿದ. ತಿರುವು ಬಂತು...

ಬಸ್ಸಿನವರ ಹಾಡು.

ನಾಲಿಗೆ ತಟ್ಟನೆ ನಿಂತಿತು. ಮತ್ತೆ ಮೊದಲಿಂದ. ಮತ್ತೆ ತಿರುವಿನಲ್ಲಿ ಅದೇ ಹಾಳು ಹಾಡು.

"ಫೆಲಿಮ್..."

ಕಿವಿಯ ಪಕ್ಕದಲ್ಲೇ. ಗುಟ್ಟು ಹೇಳುವಷ್ಟು ಸಣ್ಣ ದನಿ.

"ದೊ... ದೊಡ್ಡಮ್ಮ?"

"ತಿರುವು ಹೇಳೋ."

"ನಂಗೆ ಬರಲ್ಲ. ಮರ್ತೋಗಿದೆ."

ಚಪ್ಪಡಿಯ ಮೇಲೆ ಒಮ್ಮೆ ಟಿಣ್ ಅಂದಿತು. ಆಮೇಲೆ...

"ನಂಗೂ."

ಬಟ್ಟೆಚೂರುಗಳು ಪಟಪಟ ಅಂದವು.

"ಗೋಡೆ ಆಚೆ ದಿನಾ ಅದನ್ನೇ ಬಾರಿಸ್ತೀಯಲ್ಲೋ. ರಾತ್ರಿಗೆ ಮೂರು ಸಲ. ಕಿವಿ ಮುಚ್ಕೊಳೋಕೆ ನಂಗೆ ಕೈ ಏಳುತ್ತಾ?"

ನಿಜ. ಡಿನ್ನಿಯ ಪಬ್ಬಿನ ಹಿಂಗೋಡೆಯ ಆಚೆ ಇರುವುದೇ ಊರ ಸ್ಮಶಾನ. ಡೆಲಿಯಾ ಮಲಗಿರುವುದು ಗೋಡೆಯಿಂದ ಮೂರನೆಯವಳಾಗಿ.

ಇಡೀ ಬೇಸಿಗೆಯ ಸಿಟ್ಟು ಅವನಿಗೆ ಒಮ್ಮೆಲೇ ಉಕ್ಕಿಬಂತು. ಸತ್ತವಳ ಮೇಲೆ ಯಾರಾದರೂ ಕೂಗಾಡುತ್ತಾರಾ? ಇವನು ಕೂಗಾಡಿದ. "ಹೊಟ್ಟೆಪಾಡು ದೊಡ್ಡಮ್ಮ! ನಿನ್ನ ಮಟ್ಟು ನುಡಿಸಿದ್ರೆ ಯಾರು ಅನ್ನ ಹಾಕ್ತಾರೆ ನಂಗೆ? ಹೇಳು!"

"ಗೊತ್ತು ಕಣೋ," ಅಂದಿತು ದನಿ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅಂತ ಆಮೇಲೆ ನನ್ನ ಹತ್ತಿರ ಅಂದ. "ತಾಳ ಮಾತ್ರ ಇದೆ ನನ್ನ ಹತ್ರ. ಅದೊಂದು ಹೋಗಿಲ್ಲ."

ಧಪ್... ಟಿಣ್. ಧಪ್... ಟಿಣ್. ಸದ್ದು ಮುಳ್ಳುಗಿಡದ ಹಿಂದಕ್ಕೆ ಹೋಯಿತು. ನೀರು ಮತ್ತೆ ತೊಟ್ಟಿಕ್ಕತೊಡಗಿತು.

ಒಂದೂಕಾಲಿಗೆ ನನ್ನ ಬಾಗಿಲು ಬಡಿದ. ಮುಖ ಸುಣ್ಣ ಬಳಿದಂತಾಗಿತ್ತು. ಚಹಾ ಮಾಡಿಕೊಟ್ಟೆ, ಅದು ಹಾಗೇ ಆರಿತು. ಬೆಳಗಿನವರೆಗೆ ಇಷ್ಟನ್ನೂ ಹೇಳಿದ. ನಾನು ನಂಬಲಿಲ್ಲ, ಸುಳ್ಳೇಕೆ ಹೇಳಲಿ. ಮೂರು ವಾರ ನಿದ್ದೆಗೆಟ್ಟವನಿಗೆ ಏನು ತಾನೇ ಕೇಳಿಸುವುದಿಲ್ಲ ಅಂದುಕೊಂಡೆ.

ಭಾನುವಾರ ಪೂಜೆ ಮುಗಿಯಿತು. ಸಮಾಧಿಯ ಸುತ್ತ ಇಪ್ಪತ್ತು ಜನ ನಿಂತೆವು. ಊನಾ, ಪಾದ್ರಿ, ಹಿಂದೆ ಟೊಪ್ಪಿ ಕೈಯಲ್ಲಿ ಹಿಡಿದು ಡಿನ್ನಿ. ಫೆಲಿಮ್ ಕುರ್ಚಿಯಲ್ಲಿ ಕೂತು ತಿದಿ ಎಳೆದ. ಮೊದಲ ಭಾಗ ಬಂತು. ಊನಾ ಕಣ್ಣು ಮುಚ್ಚಿಕೊಂಡಳು. ಎರಡನೆಯ ಸಲವೂ ಬಂತು. ತಿರುವು...

ಬೆರಳು ಜಾರಲು ಹೊರಟದ್ದನ್ನು ನಾನು ಕಣ್ಣಾರೆ ಕಂಡೆ. ಅವನು ಗುಂಡಿಗಳಿಂದ ಬೆರಳು ಕಿತ್ತುಕೊಂಡ. ಗಾಳಿಗುಂಡಿಯೊಂದನ್ನೇ ಒತ್ತಿದ. ತಿದಿಯಿಂದ ಗಾಳಿ ಹುಸ್ಸ್... ಅಂತ ಹೋಯಿತು. ಸ್ವರವಿಲ್ಲ. ಊನಾ ಕಣ್ಣು ತೆರೆದಳು. "ಏನಾಯ್ತೋ?" ಅಂದಳು, ತುಟಿಯಲ್ಲಷ್ಟೇ.

ಆಗ ಕೇಳಿಸಿತು.

ಧಪ್... ಟಿಣ್. ಧಪ್... ಟಿಣ್.

ಯಾರ ಕಾಲೂ ಅಲುಗಲಿಲ್ಲ. ಪಾದ್ರಿ ಹಿಂದೆ ತಿರುಗಿ ನೋಡಿದರು. ಡಿನ್ನಿಯ ಕೈಯಿಂದ ಟೊಪ್ಪಿ ಬಿತ್ತು. ಡೋಲು ಬಾರಿಸುವವನು ನಾನು, ಅಭ್ಯಾಸಬಲಕ್ಕೆ ಎಣಿಸಿದೆ. ಹದಿನಾರು ಸಲ. ತಿರುವನ್ನು ಎರಡು ಸಲ ನುಡಿಸಲು ಎಷ್ಟು ಬೇಕೋ ಅಷ್ಟು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಆಮೇಲೆ ನಿಂತಿತು. ಫೆಲಿಮ್ ಅಳುತ್ತಲೇ ಮೊದಲ ಭಾಗವನ್ನು ಮತ್ತೆ ಎತ್ತಿಕೊಂಡ.

ತಿರುವು ಸಿಗಲಿಲ್ಲ. ಇನ್ನು ಸಿಗುವುದೂ ಇಲ್ಲ. ಡಿನ್ನಿ ಆ ಹಾಡು ನುಡಿಸು ಅಂತ ಅವನಿಗೆ ಮತ್ತೆ ಹೇಳಿಲ್ಲ. ಬಸ್ಸಿನವರು ಕೇಳಿದರೆ "ಅದು ನಮ್ಮಲ್ಲಿ ಬರಲ್ಲ" ಅನ್ನುತ್ತಾನೆ.

ಯಾರೋ ಕಾಲು ಬಡಿದಿರಬೇಕು ಅನ್ನುತ್ತೀರಿ, ಗೊತ್ತು. ನಾನೂ ಸುತ್ತ ನೋಡಿದೆ. ಹಿಂದಿನ ದಿನವೆಲ್ಲ ಮಳೆ. ಡೆಲಿಯಾಳ ಸಮಾಧಿಗೆ ಇನ್ನೂ ಕಲ್ಲು ಹಾಕಿಸಿರಲಿಲ್ಲ. ಒದ್ದೆ ಹುಲ್ಲು, ಹಿಮ್ಮಡಿ ಹೂತುಹೋಗುವ ಮಣ್ಣು. ಟಿಣ್ ಅನ್ನಲು ಅಲ್ಲಿ ಏನೂ ಇರಲಿಲ್ಲ. ಇದ್ದದ್ದು ಒಂದೇ ಒಂದು ಲಾಳ... ಅದು ಆರಡಿ ಕೆಳಗಿತ್ತು.