ಕೆಂಪು ಸೀಲಿನ ಅರ್ಜೆಂಟ್

ಸಭೆಯ ಅಧ್ಯಕ್ಷರೇ, ನನ್ನ ಬಗ್ಗೆ ಇಲ್ಲದ ಒಳ್ಳೆಯ ಮಾತುಗಳನ್ನೆಲ್ಲ ಆಡಿದ ಮುಖ್ಯ ವೈದ್ಯರೇ, ಅತಿಥಿಗಳೇ, ನಮ್ಮ ಲ್ಯಾಬಿನ ಬಂಧುಗಳೇ, ಮತ್ತು ಕಾಫಿ ಯಾವಾಗ ಬರುತ್ತದೋ ಅಂತ ಬಾಗಿಲ ಕಡೆಗೇ ನೋಡುತ್ತಿರುವ ಸಭಿಕರೇ,

ಮೂವತ್ತೊಂದು ವರ್ಷ ಈ ಆಸ್ಪತ್ರೆಯ ರಿಪೋರ್ಟ್ ವಿಭಾಗದಲ್ಲಿ ಕೂತವಳು ನಾನು. ನಿವೃತ್ತಿಯ ದಿನ ನಾಲ್ಕು ಸಿಹಿ ಮಾತು ಆಡಿ ಅಂದರು. ಕ್ಷಮಿಸಬೇಕು, ನಾನು ಒಂದು ಇಂಗ್ಲಿಷ್ ಪದದ ಬಗ್ಗೆ ಮಾತಾಡುತ್ತೇನೆ. ಅರ್ಜೆಂಟ್. ಈ ಪದ ಕೇಳಿ ಕೇಳಿ ನನಗೆ ಸಾಕುಸಾಕಾಗಿದೆ.

ಅರ್ಜೆಂಟ್ ಅಂದರೆ ಏನು? ನಾನು ಕೆಲಸಕ್ಕೆ ಸೇರಿದಾಗ ಅರ್ಥ ಸರಳವಾಗಿತ್ತು. ತಡವಾದರೆ ಒಂದು ಜೀವಕ್ಕೆ ಕುತ್ತು, ಅಷ್ಟೆ. ಅಂಥ ಚೀಟಿಗೆ ವೈದ್ಯರು ಕೆಂಪು ಸೀಲ್ ಒತ್ತುತ್ತಿದ್ದರು. ಅದರ ರಿಪೋರ್ಟನ್ನು ನಾನು ಮೊದಲು ನೋಡಿ, ಸಹಿ ಹಾಕಿ, ವಾರ್ಡಿಗೆ ಕಳಿಸಬೇಕು. ದಿನಕ್ಕೆ ನಾಲ್ಕೋ ಐದೋ ಬರುತ್ತಿದ್ದವು. ಸೀಲ್ ಇಲ್ಲದವು ನನ್ನ ಎಡಗಡೆಯ ಟ್ರೇನಲ್ಲಿ ಸರದಿ ಕಾಯುತ್ತಿದ್ದವು, ಸಂಜೆಯೊಳಗೆ ಅವೂ ಮುಗಿಯುತ್ತಿದ್ದವು.

ಆಮೇಲೆ ನೀವು ಏನು ಮಾಡಿದಿರಿ? ಬಸ್ಸಿಗೆ ಹೊತ್ತಾಯಿತು, ಅರ್ಜೆಂಟ್. ನಾಳೆ ರಜೆ, ಅರ್ಜೆಂಟ್. ಸಾಹೇಬರ ಭಾವಮೈದುನನ ಸಕ್ಕರೆ ಪರೀಕ್ಷೆ, ಅದೂ ಅರ್ಜೆಂಟ್. ವಾರ್ಡಿಗೊಂದರಂತೆ ಹನ್ನೊಂದು ಸೀಲ್ ಮಾಡಿಸಿಕೊಂಡಿರಿ. ಚೀಟಿಗಳೆಲ್ಲ ಕೆಂಪಾದ ಮೇಲೆ ‘ವೆರಿ ಅರ್ಜೆಂಟ್’ ಅಂತ ಇನ್ನೊಂದು ಸೀಲ್ ಬಂತು. ಅದೂ ಸಾಲದೆ ಪೆನ್ನಿನಲ್ಲಿ ಮೂರು ನಕ್ಷತ್ರ! ಸ್ವಾಮಿ, ಇದೇನು ಆಸ್ಪತ್ರೆಯೋ ಹೋಟೆಲೋ? ನಗಬೇಡಿ, ನಕ್ಷತ್ರ ಬರೆದವರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ.

ನಾನು ಜಗಳ ಆಡಿದೆ, ಗೋಡೆಗೆ ಬೋರ್ಡು ಹಾಕಿಸಿದೆ, ಮೀಟಿಂಗಿನಲ್ಲಿ ಗಂಟಲು ಹರಿದುಕೊಂಡೆ. ನೀವು ನನಗೆ ‘ಸೀಲ್ ಮೇಡಂ’ ಅಂತ ಹೆಸರಿಟ್ಟಿರಿ. ನನಗೆ ಗೊತ್ತಿಲ್ಲ ಅಂದುಕೊಂಡಿರಾ? ಎಡಗಡೆಯ ಟ್ರೇ ಮಾತ್ರ ತುಂಬುತ್ತಲೇ ಹೋಯಿತು.

ಹೋದ ವರ್ಷ ನಮ್ಮಕ್ಕನಿಗೆ ಕಾಲು ಊದಿತು. ಇದನ್ನು ಹೇಳಬೇಕು ಅಂತ ಇರಲಿಲ್ಲ, ಬಾಯಿಗೆ ಬಂತು, ಹೇಳಿಬಿಡುತ್ತೇನೆ. ಅಪ್ಪ ಹೋದ ಮೇಲೆ ತನ್ನ ಓದು ಬಿಟ್ಟು, ಬಟ್ಟೆ ಹೊಲಿದು ನನ್ನನ್ನು ಓದಿಸಿದವಳು ಅಕ್ಕ. ವೈದ್ಯರು ಪರೀಕ್ಷೆಗೆ ಬರೆದು ಸೀಲಿಗೆ ಕೈ ಹಾಕಿದರು. ನಾನೇ ತಡೆದೆ.

“ಬೇಡ ಸರ್. ನಮ್ಮ ಮನೆಯವರಿಗೇ ಸೀಲ್ ಹಾಕಿಸಿಕೊಂಡ್ರೆ, ನಾಳೆ ಇವರಿಗೆಲ್ಲ ಬೈಯೋಕೆ ನನಗೆ ಬಾಯಿ ಎಲ್ಲಿರುತ್ತೆ?” ಅಂದೆ. ಅಕ್ಕ ಸೀಲಿಲ್ಲದ ಚೀಟಿಯನ್ನೇ ಮಡಚಿ ಚೀಲಕ್ಕೆ ಹಾಕಿಕೊಂಡಳು. ನನ್ನ ಬಗ್ಗೆ ಅವಳಿಗೆ ಹೆಮ್ಮೆಯೇ ಆಗಿರಬೇಕು.

ರಿಪೋರ್ಟು ಬಂದು ನನ್ನ ಎಡಗಡೆಯ ಟ್ರೇ ಸೇರಿತು. ಕೈ ಚಾಚಿದರೆ ಸಿಗುತ್ತಿತ್ತು. ಚಾಚಲಿಲ್ಲ. ಸರದಿ ಬರಲಿ ಅಂತ ಹಟ. ನಿಮ್ಮ ಕೆಂಪು ಚೀಟಿಗಳಿಗೆ ಸಹಿ ಹಾಕುತ್ತಾ ಕೂತೆ, ಒಂಬತ್ತು ದಿನ. ಕೊನೆಗೆ ತೆಗೆದು ನೋಡಿದರೆ ಅವಳ ಎರಡೂ ಕಿಡ್ನಿ ಕೈಕೊಡುತ್ತಿದ್ದವು. ಒಂದು ವಾರ ಮೊದಲೇ ಔಷಧಿ ಶುರುಮಾಡಿದ್ದರೆ ಉಳಿಸಬಹುದಿತ್ತು ಅಂದರು ವೈದ್ಯರು.

ನಿಮಗೆಲ್ಲ ಹಿಡಿಶಾಪ ಹಾಕಿದೆ. ವರ್ಷವಿಡೀ ಹಾಕಿದೆ. ಇವತ್ತೂ ಸರಿಯಾಗಿ ಬೈದು ಹೋಗೋಣ ಅಂತಲೇ ಬಂದವಳು. ಆದರೆ ಇಲ್ಲಿ ನಿಂತು ಮಾತಾಡುತ್ತಾ ಮಾತಾಡುತ್ತಾ ನನಗೇ ನಾಚಿಕೆ ಆಗುತ್ತಿದೆ. ಸೀಲಿಗೆ ಹೋದ ವೈದ್ಯರ ಕೈ ತಡೆದವರು ನೀವಲ್ಲವಲ್ಲ. ಅಕ್ಕ ನನ್ನನ್ನು ಕೇಳಿದ್ದು ಒಂದೇ ಮಾತು: “ನಿನ್ನ ಮೇಜಿನ ಮೇಲೇ ಇತ್ತಂತಲ್ಲೇ?”

ಈಗ ವಾರಕ್ಕೆ ಮೂರು ದಿನ ಅಕ್ಕ ಡಯಾಲಿಸಿಸ್ ಯಂತ್ರದ ಪಕ್ಕ ಮಲಗುತ್ತಾಳೆ. ಇವತ್ತು ನಾಲ್ಕೂವರೆಗೆ ಅವಳ ಪಾಳಿ. ಆಗಲೇ ನಾಲ್ಕು ಇಪ್ಪತ್ತು. ಅಲ್ಲಿ ಐದನೆಯ ಸಾಲಿನಲ್ಲಿ ಕೂತು, ಪರವಾಗಿಲ್ಲ, ನೀನು ಮಾತಾಡು ಅಂತ ನನಗೆ ಕೈಸನ್ನೆ ಮಾಡುತ್ತಿದ್ದಾಳೆ.

ಅಕ್ಕಾ, ಪರವಾಗಿಲ್ಲ ಅನ್ನಬೇಡ ಕಣೇ. ಅರ್ಜೆಂಟ್ ಇದೆ ಅನ್ನು. ಇಷ್ಟು ಜನರ ಮುಂದೆ ಒಂದು ಸಲ ಗಟ್ಟಿಯಾಗಿ ಅನ್ನು, ನಾನು ಬರ್ತೀನಿ.

ಸಭಿಕರೇ, ಇಷ್ಟು ಹೊತ್ತು ಬೈಸಿಕೊಂಡದ್ದಕ್ಕೆ ನಿಮಗೆಲ್ಲ ವಂದನೆಗಳು. ನೆನಪಿನ ಕಾಣಿಕೆಯನ್ನು ನಾಳೆ ಬಂದು ತೆಗೆದುಕೊಳ್ಳುತ್ತೇನೆ. ದಯವಿಟ್ಟು ಆ ಕುರ್ಚಿಗಳನ್ನು ಸ್ವಲ್ಪ ಸರಿಸಿ, ನಮ್ಮಕ್ಕ ಎದ್ದು ನಿಂತಿದ್ದಾಳೆ. ನಮಸ್ಕಾರ.